ಅತಿಥಿ ಎಂಬ ಹೆಸರು, ಗೌರವಧನ ಎಂಬ ಕೂಲಿ



ಅತಿಥಿ ಎಂಬುದು ನಮ್ಮ ನುಡಿಯ ಘನವಾದ ಪದಗಳಲ್ಲೊಂದು. ತಿಥಿ ಗೊತ್ತುಮಾಡದೆ ಮನೆ ಬಾಗಿಲಿಗೆ ಬರುವವನು ಅತಿಥಿ. ಅಂಥವನಿಗೆ ಕಾಲಿಗೆ ನೀರು ಕೊಟ್ಟು, ಮನೆಯವರಿಗಿಂತ ಮೊದಲು ಎಲೆ ಹಾಕಿ, ಇದ್ದುದರಲ್ಲಿ ಒಳ್ಳೆಯದನ್ನು ಬಡಿಸುವುದು ನಮ್ಮ ಊರುಗಳ ರೀತಿ. ಮಮ್ರೆಯಲ್ಲಿ ಗುಡಾರದ ಬಾಗಿಲಲ್ಲಿ ಕುಳಿತಿದ್ದ ಅಬ್ರಹಾಮನು ಬಿಸಿಲಿನಲ್ಲಿ ನಡೆದುಬಂದ ಮೂವರು ಅಪರಿಚಿತರನ್ನು ಓಡಿಹೋಗಿ ಬರಮಾಡಿಕೊಂಡದ್ದನ್ನೂ ನೀವು ಬಲ್ಲಿರಿ.

ಈ ಪದವನ್ನು ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠ ಹೇಳುವ ಸಾವಿರಾರು ಜನರಿಗೆ ಇಡಲಾಗಿದೆ. ಅವರು ಅತಿಥಿ ಉಪನ್ಯಾಸಕರು. ಅವರಿಗೆ ಕೊಡುವ ಹಣಕ್ಕೆ ಸಂಬಳವೆಂಬ ಹೆಸರಿಲ್ಲ, ಅದು ಗೌರವಧನ. ಹುದ್ದೆಯ ಹೆಸರಿನಲ್ಲೂ ಆದರವಿದೆ, ಹಣದ ಹೆಸರಿನಲ್ಲೂ ಆದರವಿದೆ. ದುಡಿದ ಮನುಷ್ಯನಿಗೆ ಸಲ್ಲಬೇಕಾದುದನ್ನು ಸಲ್ಲಿಸದೆ ಗೌರವವನ್ನಷ್ಟೇ ಕೊಟ್ಟರೆ ಋಣ ತೀರುತ್ತದೆಯೇ? ಈ ತಿಂಗಳು ನಿಮ್ಮೊಡನೆ ಕುಳಿತು ಆಲೋಚಿಸಬೇಕೆಂದಿರುವ ಪ್ರಶ್ನೆ ಇದು.

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೊರಟ ರೈಲು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂಬ ಮೂರು ಊರುಗಳನ್ನು ಇದೇ ಕ್ರಮದಲ್ಲಿ ಹಾದುಹೋಗುತ್ತದೆ. ಮೂರರಲ್ಲೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಸುತ್ತಲಿನ ಹಳ್ಳಿಗಳ ರೈತರ, ಹಮಾಲರ, ಮೆಣಸಿನಕಾಯಿಯ ತೊಟ್ಟು ಬಿಡಿಸಿ ಕೂಲಿ ಪಡೆಯುವ ತಾಯಂದಿರ ಮಕ್ಕಳು ಅಲ್ಲಿ ಬಿ.ಎ. ಓದುತ್ತಾರೆ. ಅವರಲ್ಲಿ ಅನೇಕರು ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ನಾಳೆ ಗ್ರಾಮ ಪಂಚಾಯಿತಿಗೆ ನಿಲ್ಲುವವರು, ಪೊಲೀಸ್ ಪರೀಕ್ಷೆ ಬರೆಯುವವರು, ಅಂಗನವಾಡಿಯಲ್ಲಿ ದುಡಿಯುವವರು ಇವರ ನಡುವಿನಿಂದಲೇ ಬರಬೇಕು. ಇವರಿಗೆ ರಾಜ್ಯಶಾಸ್ತ್ರವನ್ನು, ಅಂದರೆ ಸಂವಿಧಾನ, ಹಕ್ಕು, ಚುನಾವಣೆ, ಸ್ಥಳೀಯ ಸರ್ಕಾರ ಎಂಬ ವಿಷಯಗಳನ್ನು, ಅನೇಕ ಕಡೆ ಹೇಳಿಕೊಡುತ್ತಿರುವವರು ಈ ಅತಿಥಿಗಳೇ.

ಅಂಥ ಒಬ್ಬರನ್ನು ನಾನು ಬಲ್ಲೆ. ಅವರ ಹೆಸರೂ ಬೇಡ, ಕಾಲೇಜುಗಳ ಹೆಸರೂ ಬೇಡ. ಧಾರವಾಡದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿ, ಅಧ್ಯಾಪಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಹದಿನಾಲ್ಕು ವರ್ಷಗಳಿಂದ ಪಾಠ ಹೇಳುತ್ತಿದ್ದಾರೆ. ಒಂದು ಕಾಲಕ್ಕೆ ಅವರಿಗೆ ಒಂದು ಕಾಲೇಜಿನಲ್ಲಿ ವಾರಕ್ಕೆ ಎಂಟು ಗಂಟೆ, ಇನ್ನೊಂದು ಊರಿನ ಖಾಸಗಿ ಕಾಲೇಜಿನಲ್ಲಿ ಆರು ಗಂಟೆ ಕೆಲಸವಿತ್ತು. ಬೆಳಗಿನ ತರಗತಿ ಮುಗಿಸಿ, ಮೋಟೆಬೆನ್ನೂರಿನಲ್ಲಿ ಬಸ್ಸು ಬದಲಿಸಿ, ಬುತ್ತಿಯನ್ನು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬಿಚ್ಚಿ ಉಣ್ಣುತ್ತಿದ್ದರು. ಪ್ರತಿ ವರ್ಷವೂ ಅವರು ಹೊಸದಾಗಿ ಅರ್ಜಿ ಹಾಕಬೇಕು, ಪಟ್ಟಿಯಲ್ಲಿ ಹೆಸರು ಬರುವುದೋ ಎಂದು ಕಾಯಬೇಕು. ಕಾಯಂ ಅಧ್ಯಾಪಕರೊಬ್ಬರು ವರ್ಗವಾಗಿ ಬಂದರೆ ಅಂದಿಗೆ ಇವರ ಗಂಟೆಗಳು ಮುಗಿದವು. ಬಿ.ಎ.ಗೆ ಸೇರುವವರು ಕಡಿಮೆಯಾದರೂ ಅಷ್ಟೇ. 2021ರಲ್ಲಿ ಬಂದ ನಾಲ್ಕು ವರ್ಷಗಳ ಪದವಿ ಕ್ರಮವನ್ನು 2024ರಲ್ಲಿ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ತಂದಾಗ ವಿದ್ಯಾರ್ಥಿಗಳ ಪಠ್ಯ ಬದಲಾಯಿತು. ಇವರ ಮಟ್ಟಿಗೆ ಬದಲಾದದ್ದು ಅನ್ನದ ಲೆಕ್ಕ.

ಅಂಕಿಗಳನ್ನೂ ನೋಡೋಣ. 2022ರ ಜನವರಿಯವರೆಗೆ ಯು.ಜಿ.ಸಿ. ನಿಗದಿಪಡಿಸಿದ ಅರ್ಹತೆಯುಳ್ಳ ಅತಿಥಿ ಉಪನ್ಯಾಸಕರಿಗೆ ತಿಂಗಳಿಗೆ 13 ಸಾವಿರ ರೂಪಾಯಿ, ಉಳಿದವರಿಗೆ 11 ಸಾವಿರ ರೂಪಾಯಿ ಸಿಗುತ್ತಿತ್ತು. 2021ರ ಡಿಸೆಂಬರ್‌ನಲ್ಲಿ ಅವರು ತರಗತಿಗಳನ್ನು ಬಹಿಷ್ಕರಿಸಿದ ಮೇಲೆ ಅದು 26 ಸಾವಿರದಿಂದ 32 ಸಾವಿರಕ್ಕೆ ಏರಿತು. ಆದರೆ ಜೊತೆಯಲ್ಲೇ ಒಬ್ಬೊಬ್ಬರ ವಾರದ ಬೋಧನೆಯನ್ನು ಎಂಟು ಹತ್ತು ಗಂಟೆಗಳಿಂದ ಹದಿನೈದಕ್ಕೆ ಏರಿಸಲಾಯಿತು. ಇಬ್ಬರು ಮಾಡುತ್ತಿದ್ದ ಕೆಲಸ ಒಬ್ಬರ ಪಾಲಾದಾಗ ಇನ್ನೊಬ್ಬರು ಮನೆಗೆ ಹೋಗಬೇಕಾಯಿತು. 2023ರ ನವೆಂಬರ್‌ನಲ್ಲಿ ಸೇವಾ ಭದ್ರತೆಗಾಗಿ ಮತ್ತೆ ಬಹಿಷ್ಕಾರ ಆರಂಭವಾಯಿತು. 2024ರ ಹೊಸ ವರ್ಷದ ದಿನ ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟಿತು. ಸೇವಾವಧಿಗೆ ಅನುಗುಣವಾಗಿ 5 ಸಾವಿರದಿಂದ 8 ಸಾವಿರ ರೂಪಾಯಿಗಳ ಹೆಚ್ಚಳ, ಆರೋಗ್ಯ ವಿಮೆ, ಅರವತ್ತು ದಾಟಿದವರಿಗೆ 5 ಲಕ್ಷದ ಇಡುಗಂಟು ಎಂಬ ಘೋಷಣೆಗಳು ಬಂದವು. ಕೇಳಿದ ಭದ್ರತೆ ಬರಲಿಲ್ಲ. ಅದೇ ತರಗತಿಯಲ್ಲಿ ಅದೇ ಪಾಠವನ್ನು ಹೇಳುವ ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಯು.ಜಿ.ಸಿ.ಯ ಏಳನೆಯ ವೇತನ ಶ್ರೇಣಿಯಲ್ಲಿ ಸೇರಿದ ದಿನದ ಮೂಲ ವೇತನವೇ 57,700 ರೂಪಾಯಿ. ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಬೇರೆ. ಅತಿಥಿ ಅಧ್ಯಾಪಕರಿಗೆ ಉಪನ್ಯಾಸವೊಂದಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50 ಸಾವಿರ ರೂಪಾಯಿ ಕೊಡಬಹುದೆಂದು ಯು.ಜಿ.ಸಿ. 2019ರಲ್ಲಿಯೇ ತಿಳಿಸಿತ್ತು.

ಗೌರವಧನ ಎಂಬ ಮಾತು ಎಲ್ಲಿಂದ ಬಂತು? ಅದರ ಮೂಲ ಲತೀನ್ ಭಾಷೆಯ ಹೊನೊರಾರಿಯುಮ್. ಪ್ರಾಚೀನ ರೋಮಿನಲ್ಲಿ ನ್ಯಾಯಾಲಯದಲ್ಲಿ ಇನ್ನೊಬ್ಬರ ಪರ ವಾದಿಸುವುದು ಹಣಕ್ಕಾಗಿ ಮಾಡುವ ಕೆಲಸವಲ್ಲವೆಂಬ ಭಾವನೆಯಿತ್ತು, ಕ್ರಿ.ಪೂ. 204ರ ಸಿನ್ಸಿಯಾ ಕಾನೂನು ವಕೀಲರು ಹಣವನ್ನಾಗಲಿ ಉಡುಗೊರೆಯನ್ನಾಗಲಿ ಪಡೆಯುವುದನ್ನು ನಿಷೇಧಿಸಿತ್ತು. ಆಮೇಲಾಮೇಲೆ ವಕೀಲರಿಗೂ ಗುರುಗಳಿಗೂ ಮರ್ಯಾದೆಯ ಕುರುಹಾಗಿ ಕೊಡುವ ಹಣಕ್ಕೆ ಈ ಹೆಸರು ನಿಂತಿತು. ಅದನ್ನು ಪಡೆಯುತ್ತಿದ್ದವರಲ್ಲಿ ಹೊಲಗದ್ದೆ, ಆಳುಕಾಳು ಇದ್ದ ಕುಲೀನರೇ ಹೆಚ್ಚು. ಅವರು ಅದನ್ನು ನಂಬಿ ಒಲೆ ಹಚ್ಚುತ್ತಿರಲಿಲ್ಲ. ಇಂದು ಅದನ್ನಲ್ಲದೆ ಬೇರೇನನ್ನೂ ನಂಬಲಾಗದವರ ಕೈಗೆ ಅದೇ ಹೆಸರಿನ ಹಣವನ್ನು ಇಡುತ್ತಿದ್ದೇವೆ. ರೋಮಿನವರೇ ಈ ವಿಷಯದಲ್ಲಿ ಕಡೆಗೆ ನಮಗಿಂತ ನೇರವಾಗಿ ನಡೆದುಕೊಂಡರೆನ್ನಬೇಕು: ಕ್ರಿ.ಶ. ಒಂದನೆಯ ಶತಮಾನದಲ್ಲಿ ವೆಸ್ಪಾಸಿಯನ್ ಚಕ್ರವರ್ತಿಯು ವಾಗ್ಮಿತೆಯನ್ನು ಕಲಿಸುವ ಗುರುಗಳಿಗೆ ಬೊಕ್ಕಸದಿಂದ ವರ್ಷಕ್ಕೆ ಒಂದು ಲಕ್ಷ ಸೆಸ್ಟರ್ಸ್ ನಾಣ್ಯಗಳ ವೇತನವನ್ನು ಗೊತ್ತುಮಾಡಿದನು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದು ಹಗುರವಾದ ಆಕ್ಷೇಪವಲ್ಲ. ಯಾರೂ ಇವರನ್ನು ಬಲವಂತದಿಂದ ಕರೆತಂದಿಲ್ಲ. ಷರತ್ತುಗಳನ್ನು ಓದಿ ರುಜು ಹಾಕಿದ್ದಾರೆ. ಒಪ್ಪಿಕೊಂಡಷ್ಟನ್ನು ಕೊಟ್ಟ ಮೇಲೆ ಅನ್ಯಾಯವೆಲ್ಲಿ? ನಮ್ಮ ಮನೆಗಳಲ್ಲಿಯೂ ಈ ಮಾತನ್ನು ಆಡುತ್ತೇವೆ. ಸಾಲದ್ದಕ್ಕೆ, ಒಂದು ಜಾಗಕ್ಕೆ ಹತ್ತು ಅರ್ಜಿ ಬರುವಾಗ ಕೂಲಿ ಇಳಿಯುವುದು ಪೇಟೆಯ ನಿಯಮವಲ್ಲವೇ ಎನ್ನುತ್ತೇವೆ.

ಪೇಟೆಯ ನಿಯಮವನ್ನು ಬ್ಯಾಡಗಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ದಿಢೀರನೆ ಕುಸಿದಾಗ ರೈತರು ರೊಚ್ಚಿಗೆದ್ದು ಎ.ಪಿ.ಎಂ.ಸಿ. ಕಚೇರಿಗೂ ವಾಹನಗಳಿಗೂ ಬೆಂಕಿಯಿಟ್ಟರು. ಬೆಂಕಿಯಿಟ್ಟದ್ದನ್ನು ನಾನು ಸಮರ್ಥಿಸಲಾರೆ. ಆದರೆ ಪೇಟೆ ಹೇಳಿದ ದರವೆಲ್ಲ ನ್ಯಾಯದ ದರವಲ್ಲ ಎಂಬ ಅರಿವು ಆ ಕೋಪದ ಹಿಂದೆ ಇತ್ತೆಂಬುದನ್ನು ಅಲ್ಲಗಳೆಯಲಾರೆ. ಮೆಣಸಿನಕಾಯಿಗೆ ಇನ್ನೊಂದು ಅನುಕೂಲವೂ ಉಂಟು. ದರ ಹಿಡಿಸದಿದ್ದರೆ, ಕೈಯಲ್ಲಿ ತುಸು ಹಣವಿದ್ದ ರೈತನು ಚೀಲಗಳನ್ನು ಶೀತಲಗೃಹದಲ್ಲಿಟ್ಟು ಕಾಯಬಹುದು. ಬ್ಯಾಡಗಿಯ ಸುತ್ತ ಅಂಥ ಗೃಹಗಳಿಗೆ ಕೊರತೆಯಿಲ್ಲ. ಉಪನ್ಯಾಸಕನ ಜುಲೈ ತಿಂಗಳ ದುಡಿಮೆಯನ್ನು ಯಾವ ಶೀತಲಗೃಹದಲ್ಲಿ ಇಡಬೇಕು? ಇಂದು ಮಾರದ ಶ್ರಮ ನಾಳೆಗೆ ಉಳಿಯುವುದಿಲ್ಲ, ಹೊಟ್ಟೆಯೂ ದರ ಏರುವವರೆಗೆ ಕಾಯುವುದಿಲ್ಲ. ಆದ್ದರಿಂದಲೇ ದುಡಿಮೆಯ ಒಪ್ಪಂದದಲ್ಲಿ ಎರಡು ಕಡೆಯವರೂ ಸಮನಾಗಿ ನಿಂತಿರುವುದಿಲ್ಲ.

ಪೋಪ್ ಹದಿಮೂರನೆಯ ಲಿಯೋ ಅವರು 1891ರ ಮೇ 15ರಂದು ಹೊರಡಿಸಿದ ರೇರುಮ್ ನೊವಾರುಮ್ ಎಂಬ ವಿಶ್ವಪತ್ರದಲ್ಲಿ ಇದನ್ನೇ ಎತ್ತಿಕೊಂಡಿದ್ದಾರೆ. ಅವರ ವಾದದ ತಿರುಳು ಹೀಗಿದೆ: ಶ್ರಮವು ಮನುಷ್ಯನ ಸ್ವಂತದ್ದು, ಆದ್ದರಿಂದ ಅದನ್ನು ಇಷ್ಟಕ್ಕೆ ಎಂದು ಒಪ್ಪಿಕೊಳ್ಳುವ ಸ್ವಾತಂತ್ರ್ಯ ಅವನಿಗುಂಟು. ಆದರೆ ಅದೇ ಶ್ರಮ ಬದುಕಲು ಅನಿವಾರ್ಯವೂ ಹೌದು, ಮತ್ತು ಬದುಕನ್ನು ಕಾಪಾಡಿಕೊಳ್ಳುವುದು ಬಿಟ್ಟುಕೊಡಬಹುದಾದ ಹಕ್ಕಲ್ಲ, ಕರ್ತವ್ಯ. ಹಾಗಾಗಿ ಎಲ್ಲ ಒಪ್ಪಂದಗಳಿಗಿಂತ ಹಿಂದೆ, ಎಲ್ಲ ಒಪ್ಪಂದಗಳಿಗಿಂತ ಮೇಲೆ, ಸಹಜ ನ್ಯಾಯವೊಂದಿದೆ. ಇದಕ್ಕಿಂತ ಕೆಟ್ಟದ್ದು ಬಂದೀತೆಂಬ ಭಯದಿಂದ ಕೆಲಸಗಾರನು ಸಾಲದ ಕೂಲಿಗೆ ತಲೆಯಾಡಿಸಿದರೆ, ಅಲ್ಲಿ ನಡೆದದ್ದು ಸಮ್ಮತಿಯ ರೂಪದ ಬಲಾತ್ಕಾರ. ನೂರಾ ಮೂವತ್ತು ವರ್ಷಗಳಿಗೂ ಹಿಂದೆ ಗಣಿ ಮತ್ತು ಗಿರಣಿಗಳ ಕೂಲಿಕಾರರನ್ನು ಕಣ್ಣಮುಂದಿಟ್ಟು ಬರೆದ ಈ ಮಾತು ಎಂ.ಎ. ಪದವೀಧರನಿಗೆ ಅನ್ವಯಿಸಬೇಕಾಗಿ ಬಂದಿರುವುದು ಸೋಜಿಗವಾದರೂ, ಅನ್ವಯಿಸುವುದಂತೂ ನಿಜ.

ಇನ್ನು ಎರಡನೆಯ ಆಕ್ಷೇಪ ಕಾನೂನಿನ ಕಡೆಯಿಂದ ಬರುತ್ತದೆ. ಇದನ್ನು ನಾನು ಹೆಚ್ಚು ಗೌರವದಿಂದ ಕೇಳುತ್ತೇನೆ. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಅವರ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2006ರ ಏಪ್ರಿಲ್ 10ರಂದು ತೀರ್ಪು ಕೊಟ್ಟಿತು. ತಾತ್ಕಾಲಿಕವಾಗಿ ಸೇರಿದವರು ಬಹುಕಾಲ ದುಡಿದ ಮಾತ್ರಕ್ಕೆ ಕಾಯಂ ಆಗುವ ಹಕ್ಕನ್ನು ಪಡೆಯುವುದಿಲ್ಲ ಎಂಬುದು ಅದರ ಸಾರ. ಕಾರಣ ಸ್ಪಷ್ಟ: ಹಿಂಬಾಗಿಲಿನಿಂದ ಹುದ್ದೆಗಳು ತುಂಬಿಹೋದರೆ ಮುಂಬಾಗಿಲಲ್ಲಿ ಪರೀಕ್ಷೆಗೆಂದು ಕಾದುನಿಂತ ಬಡವರ ಮಕ್ಕಳಿಗೆ, ಮೀಸಲಾತಿಯ ಹಕ್ಕುದಾರರಿಗೆ ಅನ್ಯಾಯವಾಗುತ್ತದೆ. ಈ ಕಾಳಜಿ ನ್ಯಾಯವಾದದ್ದೇ. ನಮ್ಮ ರಾಜ್ಯದಲ್ಲಿ 1,242 ಸಹಾಯಕ ಪ್ರಾಧ್ಯಾಪಕರ ನೇಮಕಕ್ಕೆ 2021ರಲ್ಲಿ ಪ್ರಕಟಣೆ ಹೊರಟು ಆದೇಶಗಳು ಕೈಸೇರುವ ಹೊತ್ತಿಗೆ 2024 ಬಂದಿತ್ತು. ಹಾಗೆ ಕಾದವರ ಸಂಕಟವೂ ಸಂಕಟವೇ. ಆದ್ದರಿಂದ ಅತಿಥಿಗಳೆಲ್ಲರನ್ನೂ ಒಂದೇ ಆದೇಶದಿಂದ ಕಾಯಂ ಮಾಡಿರೆಂದು ನಾನು ಹೇಳಲಾರೆ.

ಆದರೆ ಹುದ್ದೆಯ ಹಕ್ಕು ಬೇರೆ, ದುಡಿದ ದಿನದ ಕೂಲಿ ಬೇರೆ. ನಾಳೆ ನಿನಗೆ ಇಲ್ಲಿ ಸ್ಥಳವಿಲ್ಲ ಎನ್ನಲು ಕಾರಣಗಳಿರಬಹುದು. ಇಂದು ಮಾಡಿದ ಕೆಲಸಕ್ಕೆ ಅರ್ಧ ಬೆಲೆ ಎನ್ನಲು ಅವು ಕಾರಣಗಳಾಗುವುದಿಲ್ಲ. ಪಂಜಾಬ್ ಸರ್ಕಾರ ಮತ್ತು ಜಗಜಿತ್ ಸಿಂಗ್ ಅವರ ಪ್ರಕರಣದಲ್ಲಿ 2016ರ ಅಕ್ಟೋಬರ್ 26ರಂದು ಸುಪ್ರೀಂ ಕೋರ್ಟು ಸಮಾನ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೂ ವೇತನ ಶ್ರೇಣಿಯ ಕನಿಷ್ಠ ಹಂತ ಸಲ್ಲಬೇಕೆಂದಿತು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರು ತಿಂಗಳಿಗೆ 30 ಸಾವಿರ ರೂಪಾಯಿಗೆ ದುಡಿಯುತ್ತಿದ್ದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಕನಿಷ್ಠ ಶ್ರೇಣಿಯನ್ನು ಕೊಡಿಸಿತು. ಸಮಾರಂಭಗಳಲ್ಲಿ ಗುರುವನ್ನು ಬ್ರಹ್ಮನೆಂದು ಹಾಡಿ ಹೊಗಳಿದರೆ ಸಾಲದು, ಹಾಗೆ ನಡೆಸಿಕೊಳ್ಳಬೇಕು ಎಂಬ ಅರ್ಥದ ಮಾತನ್ನೂ ಆಡಿತು. ಮೋಶೆಯ ಧರ್ಮಶಾಸ್ತ್ರವಾದರೋ ಇನ್ನೂ ಬಿಗಿಯಾಗಿದೆ: ದಿನಗೂಲಿಯವನ ಕೂಲಿ ಸೂರ್ಯ ಮುಳುಗುವ ಮೊದಲು ಅವನ ಕೈಸೇರಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಗೌರವಧನವು ಎರಡು ಮೂರು ತಿಂಗಳು ತಡವಾಗಿ ಒಟ್ಟಿಗೆ ಬರುವುದನ್ನು ಕಂಡವರಿಗೆ, ಆ ವಿಧಿಯಲ್ಲಿ ಸೂರ್ಯನನ್ನೇಕೆ ಹೆಸರಿಸಿದರೆಂಬುದು ತಿಳಿಯುತ್ತದೆ. ಕಿರಾಣಿ ಅಂಗಡಿಯವನು ಅಷ್ಟು ದಿನ ಉದ್ರಿ ಕೊಡುವುದಿಲ್ಲ.

ಮೂರನೆಯ ಆಕ್ಷೇಪವನ್ನು ಒಳ್ಳೆಯ ಮನಸ್ಸಿನವರು, ಅದರಲ್ಲೂ ನನ್ನಂಥ ಪಾದ್ರಿಗಳು, ಎತ್ತುವುದುಂಟು. ಬೋಧನೆ ಒಂದು ಸೇವೆ, ಒಂದು ಕರೆ. ಅದನ್ನು ಹಣದಿಂದ ಅಳೆಯಬಹುದೇ ಎಂದು. ಅಳೆಯಬಾರದು ನಿಜ. ಸಂತ ಪೌಲರು ಗುಡಾರ ಹೊಲಿದು ಬದುಕಿದರು, ಕೊರಿಂಥದ ವಿಶ್ವಾಸಿಗಳಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಆದರೆ ಅವರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಒಂಬತ್ತನೆಯ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ದುಡಿದವನಿಗೆ ದುಡಿಮೆಯಿಂದ ಬದುಕುವ ಹಕ್ಕಿದೆಯೆಂದು ಸೈನಿಕನ, ಕುರುಬನ, ಕಣ ತುಳಿಯುವ ಎತ್ತಿನ ಉದಾಹರಣೆಗಳನ್ನು ಕೊಟ್ಟು ಸಾಧಿಸಿದ ಮೇಲೆಯೇ ಅವರು ತಮ್ಮ ಹಕ್ಕನ್ನು ತಾವಾಗಿ ಬಿಟ್ಟುಕೊಟ್ಟರು. ಬಿಟ್ಟುಕೊಡುವುದು ಪೌಲರ ಕೈಯಲ್ಲಿತ್ತು. ಬಿಡಿಸಿಕೊಳ್ಳುವುದು ಕೊರಿಂಥದವರ ಕೈಯಲ್ಲಿರಲಿಲ್ಲ. ತ್ಯಾಗವನ್ನು ಅರ್ಪಿಸಬಹುದು, ವಸೂಲು ಮಾಡಲಾಗದು.

ಈ ನೆಲದ ಪರಂಪರೆಯೂ ಹೀಗೆಯೇ ಹೇಳುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರವು ತುಂಗಭದ್ರೆಯ ದಡದಲ್ಲಿದೆ. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನವರ ಹೆಸರು ಹೊತ್ತ ಊರು ಅದು. ಶರಣರು ಕಾಯಕವನ್ನು ಪೂಜೆಯ ಮಟ್ಟಕ್ಕೆ ಏರಿಸಿದರು. ಆದರೆ ಆ ಕಾಯಕದಿಂದ ಬಂದ ಗಳಿಕೆಯೇ ದಾಸೋಹಕ್ಕೆ ಒದಗಬೇಕಿತ್ತು. ಗಳಿಕೆಯೇ ಇಲ್ಲದ ಕಾಯಕದಿಂದ ಯಾವ ದಾಸೋಹ ನಡೆದೀತು? ಕಾಯಕವೇ ಕೈಲಾಸವೆಂದು ಹೇಳಿ ಕೂಲಿಯನ್ನು ತಡೆಹಿಡಿಯುವವನು ಶರಣರನ್ನು ಅರ್ಧ ಓದಿದವನು.

ತರಗತಿ ಬಹಿಷ್ಕಾರದ ಬಗ್ಗೆ ನಿಮ್ಮಲ್ಲಿ ಕೆಲವರಿಗೆ ಬೇಸರವಿದೆಯೆಂಬುದನ್ನು ಬಲ್ಲೆ. ಆ ವಾರಗಳಲ್ಲಿ ಬಸ್ಸಿನ ಪಾಸಿಗೆ ಹಣ ಕೊಟ್ಟು ಕಾಲೇಜಿಗೆ ಹೋಗಿ ಬರಿಗೈಯಲ್ಲಿ ಮರಳಿದವರು ನಿಮ್ಮ ಮಕ್ಕಳೇ. ಪೋಪ್ ಎರಡನೆಯ ಜಾನ್ ಪಾಲ್ ಅವರು 1981ರ ಲಬೋರೆಮ್ ಎಕ್ಸರ್ಚೆನ್ಸ್ ಎಂಬ ವಿಶ್ವಪತ್ರದಲ್ಲಿ ಮುಷ್ಕರವನ್ನು ತಕ್ಕ ಎಲ್ಲೆಯೊಳಗೆ ನ್ಯಾಯಸಮ್ಮತವೆಂದು ಒಪ್ಪಿ, ಅದು ಕಡೆಯ ಉಪಾಯವೆಂದೂ ಎಚ್ಚರಿಸಿದರು. ಬಡ ವಿದ್ಯಾರ್ಥಿಯ ಪಾಠ ನಿಂತರೆ ಹಾನಿ ಅವನಿಗೇ ಹೊರತು ಹಣಕಾಸು ಇಲಾಖೆಗಲ್ಲ ಎಂಬುದೂ ಸತ್ಯ. ನನ್ನ ಪರಿಚಯದ ಉಪನ್ಯಾಸಕರು ಎರಡು ಸಲವೂ ಬಹಿಷ್ಕಾರದಲ್ಲಿ ಸೇರಿದರು. ಸಂಜೆಯ ಹೊತ್ತು ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಮನೆಗೆ ಕರೆದು ಪಾಠವನ್ನೂ ಹೇಳಿದರು. ಸಂಘಟನೆಯವರಿಗೆ ಇದು ಹಿಡಿಸಲಿಲ್ಲ. ಅವರು ಮಾಡಿದ್ದು ಸರಿಯೇ ತಪ್ಪೇ ಎಂದು ನಿರ್ಣಯಿಸಲು ನಾನು ಹೋಗಲಿಲ್ಲ.

ಒಮ್ಮೆ ಅವರು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳನ್ನು ಬೋಧಿಸುತ್ತಿದ್ದರಂತೆ. ಸಂವಿಧಾನದ 39ನೆಯ ವಿಧಿಯು ಸ್ತ್ರೀಪುರುಷರಿಬ್ಬರಿಗೂ ಸಮಾನ ಕೆಲಸಕ್ಕೆ ಸಮಾನ ವೇತನವಿರುವಂತೆ ರಾಜ್ಯವು ತನ್ನ ನೀತಿಯನ್ನು ನಡೆಸಬೇಕೆನ್ನುತ್ತದೆ; 43ನೆಯ ವಿಧಿ ಬದುಕಲು ಸಾಕಾಗುವ ಕೂಲಿಯನ್ನು ಕುರಿತು ಹೇಳುತ್ತದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಸರ್, ಇದು ನಿಮಗೂ ಅನ್ವಯಿಸುತ್ತದೆಯೇ?’ ಎಂದು ಕೇಳಿದಳು. ಕುಚೋದ್ಯವಿರಲಿಲ್ಲ, ತಿಳಿಯುವ ಆಸೆಯಷ್ಟೇ. ನಿರ್ದೇಶಕ ತತ್ತ್ವಗಳನ್ನು ನ್ಯಾಯಾಲಯದ ಮೂಲಕ ನೇರವಾಗಿ ಜಾರಿಗೊಳಿಸಲಾಗದು ಎಂಬ ಪುಸ್ತಕದ ಉತ್ತರವನ್ನು ಅವರು ಕೊಟ್ಟರು. ಉತ್ತರ ಸರಿಯಾಗಿಯೇ ಇತ್ತು, ಪರೀಕ್ಷೆಯಲ್ಲಿ ಬರೆದರೆ ಅಂಕವೂ ಸಿಗುತ್ತದೆ. ಆದರೆ ಆ ಹುಡುಗಿ ಅಂದು ಸಂವಿಧಾನದ ಬಗ್ಗೆ ಏನನ್ನು ಕಲಿತು ಮನೆಗೆ ಹೋದಳು ಎಂಬುದು ಅವರನ್ನು ಕಾಡುತ್ತದೆ, ನನ್ನನ್ನೂ ಕಾಡುತ್ತದೆ. ಅವರು ಬಸ್ಸು ಬದಲಿಸುತ್ತಿದ್ದ ಮೋಟೆಬೆನ್ನೂರು ಮೈಲಾರ ಮಹಾದೇವಪ್ಪನವರ ಊರು. 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಹುತಾತ್ಮರು. ಇಂಥ ನೆಲದಲ್ಲಿ ಸ್ವಾತಂತ್ರ್ಯದ ಪಾಠವನ್ನು ಹೇಳುವವರು ಮುಂದಿನ ಜೂನ್ ತಿಂಗಳನ್ನು ಹೆದರಿಕೆಯಿಂದ ನೋಡಬೇಕಾಗಿದೆ.

ಸರ್ಕಾರವನ್ನಷ್ಟೇ ದೂರಿ ಮುಗಿಸಬಹುದು, ಅದು ಸುಲಭ. 2023ರ ಮಾರ್ಚ್‌ನಲ್ಲಿ ಹಾವೇರಿಗೆ ಹೊಸ ವಿಶ್ವವಿದ್ಯಾಲಯ ಉದ್ಘಾಟನೆಯಾದಾಗ ಹಿಗ್ಗಿದವರು ನಾವೆಲ್ಲರೂ. ಕಾಯಂ ಅಧ್ಯಾಪಕರು ಎಷ್ಟು ಮಂದಿ ಬರುತ್ತಾರೆಂದು ಕೇಳಿದವರು ಕಡಿಮೆ. 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯು ಹಾವೇರಿಯೂ ಸೇರಿದಂತೆ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಕಡೆಗೆ ಒಲವು ತೋರಿದಾಗ ಆ ಕೊರತೆಗಳೆಲ್ಲ ಒಮ್ಮೆಲೇ ಎಲ್ಲರ ಬಾಯಿಗೆ ಬಂದವು. ಹೆಣ್ಣು ನೋಡಲು ಬಂದ ಹುಡುಗ ಉಪನ್ಯಾಸಕನೆಂದರೆ, ‘ಕಾಯಂ ಆಗಿದೆಯೋ?’ ಎಂಬುದು ನಮ್ಮ ಮನೆಗಳ ಮೊದಲ ಪ್ರಶ್ನೆ. ಮಗಳ ಭವಿಷ್ಯವನ್ನು ಯೋಚಿಸುವ ತಂದೆತಾಯಿಯರನ್ನು ನಾನು ತಪ್ಪೆನ್ನಲಾರೆ. ಆದರೆ ಮಗಳನ್ನು ಕೊಡಲು ಸಾಲದಷ್ಟು ಅಭದ್ರವೆನಿಸಿದ ಕೆಲಸ, ಮಕ್ಕಳಿಗೆ ಪಾಠ ಹೇಳಿಸಿಕೊಳ್ಳುವಾಗ ಮಾತ್ರ ನಮಗೆ ಸಾಕೆನಿಸುವುದು ಹೇಗೆ?

ದ್ರಾಕ್ಷಿತೋಟದ ಯಜಮಾನನ ಸಾಮತಿಯನ್ನು ಸಂತ ಮತ್ತಾಯರ ಶುಭಸಂದೇಶದ ಇಪ್ಪತ್ತನೆಯ ಅಧ್ಯಾಯದಲ್ಲಿ ಓದುತ್ತೇವೆ. ಇದು ಮೊದಲಿಗೆ ದೇವರ ಔದಾರ್ಯವನ್ನು ಕುರಿತದ್ದು, ವೇತನ ನೀತಿಯ ಪಾಠವಲ್ಲ ಎಂಬುದನ್ನು ಮರೆತಿಲ್ಲ. ಆದರೂ ಒಂದು ವಿವರದ ಮೇಲೆ ನನ್ನ ಕಣ್ಣು ನಿಲ್ಲುತ್ತದೆ. ಸಂಜೆಯಾಗುತ್ತಿದ್ದರೂ ಪೇಟೆಬೀದಿಯಲ್ಲಿ ನಿಂತಿದ್ದವರು ಸೋಮಾರಿಗಳಲ್ಲ, ಅವರನ್ನು ಯಾರೂ ಕರೆದಿರಲಿಲ್ಲ. ಯಜಮಾನನು ಅವರಿಗೆ ಗಂಟೆಯ ಲೆಕ್ಕ ಹಾಕದೆ ದಿನದ ಪೂರ್ತಿ ಕೂಲಿಯನ್ನು ಕೊಟ್ಟನು, ಏಕೆಂದರೆ ಅವರ ಮನೆಗಳಲ್ಲಿಯೂ ಅಂದು ಪೂರ್ತಿ ದಿನದ ಹಸಿವೇ ಇತ್ತು.

ಕೊನೆಗೆ ನಮ್ಮದೇ ಅಂಗಳದ ಮಾತು. ಅನುದಾನವಿಲ್ಲದ ಖಾಸಗಿ ಶಾಲೆ ಕಾಲೇಜುಗಳಲ್ಲಿ, ಅವುಗಳನ್ನು ನಡೆಸುವವರು ಮಠದವರಿರಲಿ, ಟ್ರಸ್ಟಿನವರಿರಲಿ, ನಮ್ಮ ಧರ್ಮಸಭೆಯವರೇ ಇರಲಿ, ತಾತ್ಕಾಲಿಕ ಶಿಕ್ಷಕರಿಗೆ ಸರ್ಕಾರಿ ಅತಿಥಿಗಳಿಗಿಂತಲೂ ಕಡಿಮೆ ಕೊಡುವ ಕಡೆಗಳುಂಟು. ಹಳ್ಳಿಗಾಡಿನ ಶಾಲೆಯೊಂದು ಶುಲ್ಕ ಏರಿಸಿದರೆ ಬಡವರ ಮಕ್ಕಳು ಹೊರಗುಳಿಯುತ್ತಾರೆ, ಏರಿಸದಿದ್ದರೆ ಶಿಕ್ಷಕರ ಕೈ ಬರಿದಾಗುತ್ತದೆ; ಈ ಇಕ್ಕಟ್ಟನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಅದಕ್ಕೆ ಒಂದೇ ಮಾತಿನ ಪರಿಹಾರ ನನ್ನಲ್ಲಿಲ್ಲ. ಆದರೆ ಲೆಕ್ಕವನ್ನು ತೆರೆದಿಡಲು ಯಾವ ಇಕ್ಕಟ್ಟೂ ಅಡ್ಡಿಯಲ್ಲ. ಮುಂದಿನ ಪೋಷಕರ ಸಭೆಯಲ್ಲಿ ಹೊಸ ಕಟ್ಟಡದ ಬಣ್ಣವನ್ನು, ಬಸ್ಸಿನ ದಾರಿಯನ್ನು ವಿಚಾರಿಸುವಾಗ, ನಾವು ಕಟ್ಟುವ ಪ್ರತಿ ನೂರು ರೂಪಾಯಿಯಲ್ಲಿ ಎಷ್ಟು ಪಾಠ ಹೇಳುವವರಿಗೆ ತಲುಪುತ್ತದೆಂದೂ ದಯವಿಟ್ಟು ವಿಚಾರಿಸಿ. ಶಿಕ್ಷಕರು ಆ ಪ್ರಶ್ನೆಯನ್ನು ಕೇಳಲಾರರು. ಮುಂದಿನ ವರ್ಷದ ಪಟ್ಟಿಯಲ್ಲಿ ಅವರ ಹೆಸರು ಇರಬೇಕಲ್ಲ.